ಗೇರ್‌ಬಾಕ್ಸಿಗೆ ಮ್ಯಾಗ್ನೆಟ್ ಹಾಕುವ ಮೊದಲು ಅದರ ಬಿಸಿ ಅಳೆಯಿರಿ

ಮೊದಲ ಸಲ ಗೇರ್‌ಬಾಕ್ಸಿಗೆ ಮ್ಯಾಗ್ನೆಟ್ ಹಾಕಿದಾಗ ನನ್ನ ಕೈಯಲ್ಲಿ ಏನಾಯಿತು ಅಂತ ಹೇಳಿಯೇ ಶುರು ಮಾಡುತ್ತೇನೆ. ಗುಬ್ಬಿ ಕಡೆ ನಮ್ಮದು ಸ್ವಲ್ಪ ಅಡಿಕೆ, ತೆಂಗು, ಉಳಿದದ್ದು ರಾಗಿ ಹೊಲ. ಒಂದು ಟ್ರ್ಯಾಕ್ಟರ್, ಅದಕ್ಕೊಂದು ಮಣ್ಣು ಪುಡಿ ಮಾಡುವ ರೋಟವೇಟರ್. ರೋಟವೇಟರಿನ ಗೇರ್‌ಬಾಕ್ಸ್ ಆಯಿಲ್ ಬದಲಿಸುವಾಗಲೆಲ್ಲ ಕಪ್ಪು ಕಬ್ಬಿಣದ ಪುಡಿ ಬರುತ್ತಿತ್ತು. ಇದನ್ನು ಒಳಗೇ ಹಿಡಿದಿಟ್ಟರೆ ಬೇರಿಂಗ್ ಉಳಿಯುತ್ತದಲ್ವಾ ಅಂತ ಒಂದು ನಿಯೋಡಿಮಿಯಂ ಮ್ಯಾಗ್ನೆಟ್ ಬಿಲ್ಲೆ ತರಿಸಿದೆ. ನಾಣ್ಯಕ್ಕಿಂತ ಚಿಕ್ಕದು, ಆದರೆ ಮೇಜಿನ ಮೇಲಿನ ಪಾನಾವನ್ನು ಎಳೆದುಕೊಳ್ಳುವಷ್ಟು ಜೋರು. ಆಯಿಲ್ ಇಳಿಸಲು ತಳದಲ್ಲಿರುವ ಡ್ರೇನ್ ಪ್ಲಗ್ಗಿನ ಒಳತುದಿಗೆ ಎರಡು ಹನಿ ಕ್ವಿಕ್ ಗ್ಲೂ ಹಾಕಿ ಅಂಟಿಸಿ, ಮೀಸೆ ತಿರುವಿಕೊಂಡೆ.

ರಾಗಿ ಬಿತ್ತನೆಗೆ ಹೊಲ ಹದ ಮಾಡಿ ಮುಗಿಸಿದ ಮೇಲೆ ಪ್ಲಗ್ ಬಿಚ್ಚಿದರೆ ಅದು ಬೋಳಾಗಿತ್ತು. ಬಿಲ್ಲೆಯೇ ಇಲ್ಲ. ಮೆಕ್ಯಾನಿಕ್ ಅಣ್ಣ ಮೇಲಿನ ಮುಚ್ಚಳ ಬಿಚ್ಚಿ ಟಾರ್ಚ್ ಬಿಟ್ಟು ನೋಡಿ, "ಏನ್ ಸಾರ್ ಇದು, ಗೇರಿಗೆ ತಿನ್ನೋಕೆ ಬಿಸ್ಕತ್ ಹಾಕಿದ್ದೀರಾ?" ಅಂದರು. ಬಿಲ್ಲೆ ಪ್ಲಗ್ ಬಿಟ್ಟು ಜಾರಿ, ಗೇರಿನ ಹಲ್ಲಿಗೆ ಕಚ್ಚಿಕೊಂಡು, ಅಲ್ಲಿ ನುಚ್ಚುನೂರಾಗಿತ್ತು. ಚೂರುಗಳನ್ನು ಹಲ್ಲು ಹಲ್ಲಿನಿಂದ ಚಿಮಟದಲ್ಲಿ ಕಿತ್ತು ತೆಗೆಯಲು ಅರ್ಧ ದಿನ ಹೋಯಿತು. ಅವು ಮ್ಯಾಗ್ನೆಟ್ ಚೂರುಗಳು ನೋಡಿ, ಚಿಮಟಕ್ಕೂ ಅಂಟುತ್ತವೆ, ಮತ್ತೆ ಗೇರಿಗೂ ಹಾರುತ್ತವೆ.

ತಪ್ಪು ಎಲ್ಲಿ ಅಂತ ಆಮೇಲೆ ಗೊತ್ತಾಯಿತು. ಆ ಅಂಟು ಸುಮಾರು 80 ಡಿಗ್ರಿಯ ಮೇಲೆ ಮೆತ್ತಗಾಗುತ್ತದೆ. ಆ ಬಿಲ್ಲೆ ಬಿಸಿ ತಡೆಯುವ ಮಿತಿಯೂ 80 ಡಿಗ್ರಿಯೇ. ನಮ್ಮ ಗೇರ್‌ಬಾಕ್ಸ್ ಆಯಿಲ್ ಎಷ್ಟು ಬಿಸಿಯಾಗುತ್ತದೆ ಅಂತ ನಾನು ಒಂದು ದಿನವೂ ಅಳೆದಿರಲಿಲ್ಲ. ಅದಕ್ಕೇ ಈ ಬರಹದಲ್ಲಿ ಬಿಸಿಯ ವಿಷಯ ಮೊದಲು, ಮ್ಯಾಗ್ನೆಟ್ ಆಮೇಲೆ.

ಬಿಸಿ ಅಳೆಯುವುದು

ಕೈ ಇಟ್ಟು ನೋಡುವುದು ನಮ್ಮೆಲ್ಲರ ಅಭ್ಯಾಸ. ಅದರಿಂದ ಗೊತ್ತಾಗುವುದು ಇಷ್ಟೇ: ಕಬ್ಬಿಣ 60 ಡಿಗ್ರಿ ದಾಟಿದರೆ ಕೈ ತಾನಾಗಿ ಹಿಂದೆ ಬರುತ್ತದೆ. 65 ಇದೆಯೋ 95 ಇದೆಯೋ ಕೈಗೆ ಗೊತ್ತಾಗುವುದಿಲ್ಲ. ನಮಗೆ ಬೇಕಿರುವುದೇ ಆ ವ್ಯತ್ಯಾಸ.

ಕೊರೊನಾ ಕಾಲದಿಂದ ಟೆಂಪರೇಚರ್ ಗನ್ ಎಲ್ಲರಿಗೂ ಗೊತ್ತು. ಹಣೆಗೆ ಹಿಡಿಯುವುದು ಇದಕ್ಕೆ ಬರುವುದಿಲ್ಲ, ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ 300 ಡಿಗ್ರಿವರೆಗೆ ತೋರಿಸುವ ಗನ್ ಬೇಕು. ಅದರಲ್ಲೂ ಒಂದು ಮೋಸವಿದೆ. ಹೊಳೆಯುವ ಲೋಹದ ಮೇಲೆ ಹಿಡಿದರೆ ಅದು ಸುಳ್ಳು ಹೇಳುತ್ತದೆ. ಗನ್ ನೋಡುವುದು ಮೇಲ್ಮೈಯಿಂದ ಹೊರಡುವ ಶಾಖದ ಕಿರಣವನ್ನು, ಹೊಳೆಯುವ ಅಲ್ಯೂಮಿನಿಯಂ ಆ ಕಿರಣ ಬಿಡುವುದೇ ಕಡಿಮೆ, ಹಾಗಾಗಿ 80 ಡಿಗ್ರಿಯ ಬಾಕ್ಸ್ 40 ಅಂತ ತೋರಿಸಿದರೂ ಆಶ್ಚರ್ಯವಿಲ್ಲ. ಗೇರ್‌ಬಾಕ್ಸಿನ ಕೆಳಭಾಗದಲ್ಲಿ, ಒಳಗೆ ಆಯಿಲ್ ನಿಂತಿರುವ ಮಟ್ಟದಲ್ಲಿ, ರೂಪಾಯಿ ಅಗಲ ಒರೆಸಿ ಹೊಳಪಿಲ್ಲದ ಕಪ್ಪು ಪೇಂಟ್ ಹಚ್ಚಿ. ಪ್ರತಿ ಸಲವೂ ಅದೇ ಬೊಟ್ಟಿಗೆ, ಒಂದು ಗೇಣು ದೂರದಿಂದ ಹಿಡಿಯಿರಿ.

ಹೊರಗಿನ ಬಿಸಿ ಒಳಗಿನ ಆಯಿಲ್ ಬಿಸಿ ಅಲ್ಲ ಅನ್ನುವುದೂ ನೆನಪಿರಲಿ. ಒಳಗೆ 5ರಿಂದ 15 ಡಿಗ್ರಿ ಜಾಸ್ತಿ ಇರುತ್ತದೆ. ಒಂದೇ ಒಂದು ಸಲ ಸರಿಯಾಗಿ ನೋಡಿಕೊಂಡರೆ ಸಾಕು. ಬಿಸಿ ಅಳೆಯುವ ಮಲ್ಟಿಮೀಟರ್ ಜೊತೆ ಕೆ ಟೈಪ್ ಪ್ರೋಬ್ ಬರುತ್ತದೆ, ತುದಿಯಲ್ಲಿ ಮಣಿ ಇರುವ ತೆಳ್ಳನೆ ತಂತಿ. ಒಂದು ಗಂಟೆ ಜೋರು ಕೆಲಸ ಮಾಡಿಸಿ, ಟ್ರ್ಯಾಕ್ಟರ್ ಪೂರ್ತಿ ಆಫ್ ಮಾಡಿ, ಟ್ರ್ಯಾಕ್ಟರಿನಿಂದ ರೋಟವೇಟರಿಗೆ ಶಕ್ತಿ ಕೊಡುವ ಪಿಟಿಒ ಶಾಫ್ಟ್ ನಿಂತಿದ್ದನ್ನು ಕಣ್ಣಾರೆ ನೋಡಿ, ರೋಟವೇಟರ್ ನೆಲದ ಮೇಲೆ ಕೂರಿಸಿ, ಆಯಿಲ್ ಮಟ್ಟ ನೋಡುವ ಲೆವೆಲ್ ಪ್ಲಗ್ ತೂತಿನಿಂದ ಆ ತಂತಿಯನ್ನು ಆಯಿಲ್ಲಿಗೆ ಇಳಿಸಿ. ಎರಡು ನಿಮಿಷದೊಳಗೆ ಮಾಡಬೇಕು, ತಡವಾದರೆ ಆರುತ್ತದೆ. ನನ್ನದರಲ್ಲಿ ಹೊರಗಿನ ಬೊಟ್ಟು 77, ಒಳಗೆ 88. ಅಂದರೆ ಗನ್ ತೋರಿಸಿದ್ದಕ್ಕೆ 11 ಸೇರಿಸಿದರೆ ನನ್ನ ಲೆಕ್ಕ. ನಿಮ್ಮದು ಬೇರೆ ಬರುತ್ತದೆ.

ಬರೆದಿಡುವಾಗ ಗಾಳಿಯ ಬಿಸಿಯನ್ನೂ ಪಕ್ಕದಲ್ಲೇ ಬರೆಯಿರಿ. ಡಿಸೆಂಬರ್ ಬೆಳಗ್ಗೆ ಗಾಳಿ 20, ಗೇರ್‌ಬಾಕ್ಸ್ 62 ಅಂದುಕೊಳ್ಳಿ. ಏಪ್ರಿಲ್ ಮಧ್ಯಾಹ್ನ ಗಾಳಿ 36, ಗೇರ್‌ಬಾಕ್ಸ್ 78. ನೋಡಿದವರು ಅಯ್ಯೋ ಬಿಸಿ ಜಾಸ್ತಿ ಆಯಿತು ಅಂತ ಗಾಬರಿಯಾಗುತ್ತಾರೆ. ಎರಡರಲ್ಲೂ ಏರಿಕೆ 42 ಡಿಗ್ರಿಯೇ, ಏನೂ ಆಗಿಲ್ಲ. ಅದೇ ಡಿಸೆಂಬರಿನಲ್ಲಿ 78 ಬಂದಿದ್ದರೆ ಮಾತ್ರ ಏರಿಕೆ 58 ಆಯಿತು, ಒಳಗೆ ಏನೋ ಉಜ್ಜುತ್ತಿದೆ, ಇಲ್ಲವೇ ಆಯಿಲ್ ಕಡಿಮೆಯಾಗಿದೆ ಅಥವಾ ಜಾಸ್ತಿಯಾಗಿದೆ. ಹೌದು, ಜಾಸ್ತಿಯಾದರೂ ಬಿಸಿಯಾಗುತ್ತದೆ. ಗೇರುಗಳು ಮಜ್ಜಿಗೆ ಕಡೆದ ಹಾಗೆ ಆಯಿಲ್ಲನ್ನು ಕಡೆಯುತ್ತವೆ, ಆ ಶ್ರಮವೆಲ್ಲ ಬಿಸಿಯಾಗಿ ನಿಲ್ಲುತ್ತದೆ. ಇರಲಿ ಅಂತ ಅರ್ಧ ಲೀಟರ್ ಜಾಸ್ತಿ ಸುರಿಯುವ ಉದಾರ ಬುದ್ಧಿ ಇಲ್ಲಿ ಬೇಡ.

ಎಷ್ಟು ಬಿಸಿ ಸರಿ, ಎಷ್ಟು ಅತಿ

ಸಾಮಾನ್ಯ ಮಿನರಲ್ ಗೇರ್ ಆಯಿಲ್ಲಿಗೆ 60ರಿಂದ 90 ಡಿಗ್ರಿ ನಡುವೆ ಆರಾಮ. 90 ದಾಟಿ ದಿನವಿಡೀ ಓಡಿದರೆ ಬೇಗ ಹಳತಾಗುತ್ತದೆ. ಹಳೇ ಲೆಕ್ಕವೊಂದಿದೆ: ಪ್ರತಿ 10 ಡಿಗ್ರಿ ಏರಿಕೆಗೆ ಆಯಿಲ್ ಆಯಸ್ಸು ಅರ್ಧ. ಅಂದಾಜಿನ ಲೆಕ್ಕವೇ, ಆದರೆ ದಾರಿ ತಪ್ಪಿಸುವುದಿಲ್ಲ. ಸಾಮಾನ್ಯ ಕಪ್ಪು ರಬ್ಬರ್ ಆಯಿಲ್ ಸೀಲುಗಳೂ 100ರ ಆಸುಪಾಸಿನಲ್ಲಿ ಗಟ್ಟಿಯಾಗಿ ಸೋರಲು ಶುರುಮಾಡುತ್ತವೆ. ಆಯಿಲ್ ತೆಳ್ಳಗಾಗುವುದು ಇನ್ನೊಂದು ತೊಂದರೆ. 40 ಡಿಗ್ರಿಯಲ್ಲಿ ಜೇನಿನ ಹಾಗೆ ಇಳಿಯುವ 90 ನಂಬರ್ (ನಂಬರ್ ಅಂದರೆ ಆಯಿಲ್ ಎಷ್ಟು ಮಂದ ಅನ್ನುವ ಗುರುತು) ಆಯಿಲ್ 100 ಡಿಗ್ರಿಗೆ ಬರುವಾಗ ಸುಮಾರು ಹತ್ತು ಪಟ್ಟು ತೆಳ್ಳಗಾಗಿರುತ್ತದೆ. ಹಲ್ಲಿಗೂ ಹಲ್ಲಿಗೂ ನಡುವೆ ನಿಲ್ಲಬೇಕಾದ ಪದರ ಅಷ್ಟೇ ತೆಳು. ಪುಡಿ ಹುಟ್ಟುವುದೇ ಅಲ್ಲಿ. 140 ನಂಬರ್ ಹಾಕಬೇಕೋ 90 ಹಾಕಬೇಕೋ ಅನ್ನುವುದನ್ನು ಕಂಪನಿಯ ಪುಸ್ತಕ ನೋಡಿ ತೀರ್ಮಾನಿಸಿ, ಪಕ್ಕದ ತೋಟದವರನ್ನು ಕೇಳಿ ಬೇಡ.

ತಿಪಟೂರಿನಲ್ಲಿ ಎಣ್ಣೆ ಗಾಣ ನಡೆಸುವ ನಮ್ಮ ಭಾವನ ಗೇರ್‌ಬಾಕ್ಸ್ ಬೇರೆ ಜಾತಿಯದು, ವರ್ಮ್ ಗೇರ್. ಸ್ಕ್ರೂ ಥರದ ಉಕ್ಕಿನ ಶಾಫ್ಟ್ ಒಂದು ಕಂಚಿನ ಚಕ್ರವನ್ನು ಉಜ್ಜಿಕೊಂಡೇ ತಿರುಗಿಸುತ್ತದೆ. ಅದರ ಹುಟ್ಟುಗುಣವೇ ಬಿಸಿ. ವೇಗ ತುಂಬಾ ಇಳಿಸುವಂಥದ್ದಾದರೆ ಮೋಟಾರ್ ಕೊಟ್ಟ ಶಕ್ತಿಯಲ್ಲಿ ಮೂರನೇ ಒಂದು ಭಾಗ ಬರೀ ಬಿಸಿಯಾಗಿ ಹೋಗುವುದು ಸಾಮಾನ್ಯ. "ಭಾವ, 85 ಇದೆಯಲ್ಲ" ಅಂದರೆ ಅವರು ತಲೆ ಕೆಡಿಸಿಕೊಳ್ಳುವುದಿಲ್ಲ. ಸರಿಯೇ, ಅದಕ್ಕೆ ಅದು ಮಾಮೂಲು. ಅದರ ಮೇಲೆ ಕೊಬ್ಬರಿ ಪುಡಿಯೂ ಎಣ್ಣೆ ಜಿಡ್ಡೂ ಸೇರಿ ಕಂಬಳಿ ಹೊದ್ದ ಹಾಗೆ ಕೂತಿರುವುದು ಮಾತ್ರ ಸರಿಯಲ್ಲ. ಕೆರೆದು ಒರೆಸಿ, ಮೋಟಾರಿನ ಫ್ಯಾನ್ ಗಾಳಿ ತಾಗುವಂತೆ ಮಾಡಿದ್ದಕ್ಕೇ ಅಲ್ಲಿ 6 ಡಿಗ್ರಿ ಇಳಿಯಿತು. ಖರ್ಚು ಒಂದು ಹಳೇ ಬನಿಯನ್.

ಯಾವ ಮ್ಯಾಗ್ನೆಟ್

ಅಂಗಡಿಯಲ್ಲಿ ಸಿಗುವುದು ಮುಖ್ಯವಾಗಿ ನಾಲ್ಕು ಬಗೆ.

ಹಳೇ ಸ್ಪೀಕರ್ ಹಿಂದಿರುವ ಕಪ್ಪು ಬಳೆ ಫೆರೈಟ್. ಎಳೆತ ಕಡಿಮೆ, ಆದರೆ 250 ಡಿಗ್ರಿವರೆಗೂ ಸೋಲುವುದಿಲ್ಲ, ತುಕ್ಕು ಹಿಡಿಯುವುದಿಲ್ಲ, ಬೆಲೆ ಜುಜುಬಿ. ಆಲ್ನಿಕೊ ಅದಕ್ಕಿಂತ ಜಾಸ್ತಿ ಬಿಸಿ ತಡೆಯುತ್ತದೆ, 500 ಡಿಗ್ರಿಯವರೆಗೂ. ಆದರೆ ಚಿಕ್ಕ ಬಿಲ್ಲೆಯಾಗಿ ಅದು ಕೆಲಸಕ್ಕೆ ಬಾರದು. ಉದ್ದ ಕಡ್ಡಿಯಾಗಿದ್ದರೆ ಮಾತ್ರ ಶಕ್ತಿ ಉಳಿಸಿಕೊಳ್ಳುತ್ತದೆ, ಬೇರೆ ಮ್ಯಾಗ್ನೆಟ್ ಹತ್ತಿರ ತಂದರೂ ಸೊರಗುತ್ತದೆ. ಸಮೇರಿಯಂ ಕೋಬಾಲ್ಟ್ ಎಳೆತವೂ ಚೆನ್ನಾಗಿದೆ, 250 ಡಿಗ್ರಿ ದಾಟಿದರೂ ಅಲುಗುವುದಿಲ್ಲ. ಆದರೆ ದುಬಾರಿ, ಬಿದ್ದರೆ ಹಪ್ಪಳದ ಹಾಗೆ ಒಡೆಯುತ್ತದೆ.

ಉಳಿದದ್ದು ನಿಯೋಡಿಮಿಯಂ. 1980ರ ದಶಕದ ಮೊದಲರ್ಧದಲ್ಲಿ ಜಪಾನಿನಲ್ಲೂ ಅಮೆರಿಕದಲ್ಲೂ ಬೇರೆ ಬೇರೆಯಾಗಿ ಕಂಡುಹಿಡಿದದ್ದು ಇದು. ಗಾತ್ರಕ್ಕೆ ಹೋಲಿಸಿದರೆ ಇದರಷ್ಟು ಎಳೆತ ಇನ್ನು ಯಾವುದಕ್ಕೂ ಇಲ್ಲ, ಬಿಸಿ ಮಾತ್ರ ಆಗಿಬರುವುದಿಲ್ಲ. ನಾವೆಲ್ಲ ಎಡವುವುದು ಇದರ ಹೆಸರಿನಲ್ಲೇ. ಎನ್35, ಎನ್42, ಎನ್52 ಅಂತ ಬರುತ್ತವಲ್ಲ, ಆ ಅಂಕಿ ಶಕ್ತಿಯನ್ನು ಹೇಳುತ್ತದೆ. ಬಿಸಿ ತಡೆಯುವುದನ್ನು ಹೇಳುವುದು ಅಂಕಿಯ ಹಿಂದಿನ ಅಕ್ಷರ. ಅಕ್ಷರವೇ ಇಲ್ಲದಿದ್ದರೆ 80 ಡಿಗ್ರಿ. ಎಂ ಇದ್ದರೆ 100. ಎಚ್ ಇದ್ದರೆ 120. ಎಸ್‌ಎಚ್ 150, ಯುಎಚ್ 180, ಇಎಚ್ 200. ನಾನು ದೊಡ್ಡ ಅಂಕಿ ನೋಡಿ ಎನ್52 ಕೊಂಡಿದ್ದೆ. ಅಕ್ಷರ ನೋಡಿರಲಿಲ್ಲ, ಇರಲೂ ಇಲ್ಲ.

ಇದರಲ್ಲಿ ಇನ್ನೂ ಒಂದು ಸೂಕ್ಷ್ಮವಿದೆ. ಈ ಮಿತಿಗಳನ್ನು ಕೊಟ್ಟಿರುವುದು ಸಾಕಷ್ಟು ದಪ್ಪ ಇರುವ ಮ್ಯಾಗ್ನೆಟ್ಟಿಗೆ. 10 ಮಿಲಿಮೀಟರ್ ಅಗಲ, 2 ಮಿಲಿಮೀಟರ್ ದಪ್ಪದ ತೆಳು ಬಿಲ್ಲೆ ಅದಕ್ಕೂ ಮೊದಲೇ ಸೋಲುತ್ತದೆ. ಅದೇ ಅಗಲಕ್ಕೆ 5 ಮಿಲಿಮೀಟರ್ ದಪ್ಪದ್ದು ತೊಗೊಳ್ಳಿ.

ನನ್ನ ಲೆಕ್ಕ ಸರಳ. ನೀವು ಅಳೆದ ಅತಿ ಹೆಚ್ಚಿನ ಆಯಿಲ್ ಬಿಸಿಗೆ 40 ಸೇರಿಸಿ. ಬಂದ ಅಂಕಿಗಿಂತ ಮೇಲಿನ ಅಕ್ಷರ ಕೊಳ್ಳಿ. ನನ್ನ 88ಕ್ಕೆ 40 ಸೇರಿಸಿದರೆ 128, ಹಾಗಾಗಿ ಎಸ್‌ಎಚ್. ಎನ್35ಎಸ್‌ಎಚ್ ಅಂತ ಕೇಳಿ ತೊಗೊಂಡೆ. ಎನ್52ಕ್ಕಿಂತ ಎಳೆತ ಕಡಿಮೆಯೇ. ಆದರೆ ಆಯಿಲ್ಲಿನ ಪುಡಿ ಹಿಡಿಯಲು ಅದು ಧಾರಾಳ ಸಾಕು, ನಾವೇನು ಎಂಜಿನ್ ಎತ್ತಬೇಕಾಗಿಲ್ಲ. ತುಮಕೂರಿನಲ್ಲಿ ಅಕ್ಷರ ಕೇಳಿದರೆ ಕೆಲವು ಅಂಗಡಿಯವರು ಮುಖ ನೋಡುತ್ತಾರೆ. ಬೆಂಗಳೂರಿನ ಎಸ್.ಪಿ. ರೋಡ್ ಕಡೆ ಹೋದಾಗ ವಿಚಾರಿಸಿ, ಇಲ್ಲವೇ ಗ್ರೇಡ್ ಪೂರ್ತಿ ಬರೆದಿರುವ ಕಡೆಯಿಂದ ತರಿಸಿ.

ಒಲೆ ಮೇಲೆ ಪರೀಕ್ಷೆ

ಪ್ಯಾಕೆಟ್ ಮೇಲೆ ಬರೆದದ್ದನ್ನು ಸುಮ್ನೆ ನಂಬಬೇಡಿ. ಲಗೇಜ್ ತೂಗುವ ಕೊಕ್ಕೆ ಸ್ಕೇಲ್ ಇದ್ದರೆ ಮ್ಯಾಗ್ನೆಟ್ ಕೀಳಲು ಎಷ್ಟು ಕೆಜಿ ಬೇಕು ಅಂತ ನೋಡಿ ಬರೆದುಕೊಳ್ಳಿ. ಸ್ಕೇಲ್ ಇಲ್ಲವಾ, ಒಂದೇ ಅಳತೆಯ ನಟ್ಟುಗಳನ್ನು ಒಂದರ ಕೆಳಗೊಂದು ಸರದ ಹಾಗೆ ನೇತುಹಾಕಿ ಎಷ್ಟು ನಿಲ್ಲುತ್ತವೆ ಎಣಿಸಿ. ಆಮೇಲೆ ಹಳೇ ಪಾತ್ರೆಯಲ್ಲಿ ನೀರು ಕುದಿಸಿ ಅರ್ಧ ಗಂಟೆ ಅದರೊಳಗೆ ಬಿಡಿ. ಸ್ಟೀಲ್ ಪಾತ್ರೆಯಾದರೆ ತಳಕ್ಕೆ ಅಂಟಿಕೊಳ್ಳಬಹುದು, ಅಲ್ಯೂಮಿನಿಯಂ ಪಾತ್ರೆ ಒಳ್ಳೆಯದು. ತುಮಕೂರು ಸಮುದ್ರಮಟ್ಟದಿಂದ 800 ಮೀಟರಿಗೂ ಎತ್ತರದಲ್ಲಿರುವುದರಿಂದ ನಮ್ಮಲ್ಲಿ ನೀರು 100ಕ್ಕಲ್ಲ, ಸುಮಾರು 97ಕ್ಕೇ ಕುದಿಯುತ್ತದೆ. ನಮ್ಮ ಕೆಲಸಕ್ಕೆ ಅಷ್ಟು ಸಾಕು.

ತೆಗೆದು ಪೂರ್ತಿ ಆರಿಸಿ. ಮತ್ತೆ ತೂಗಿ. ಬಿಸಿ ಇರುವಾಗ ಎಳೆತ ಸ್ವಲ್ಪ ಇಳಿಯುವುದು ಸಹಜ, ನಿಯೋಡಿಮಿಯಂ ಪ್ರತಿ ಡಿಗ್ರಿಗೆ ಶೇಕಡಾ 0.1ಕ್ಕಿಂತ ತುಸು ಜಾಸ್ತಿ ಕಾಂತಬಲ ಕಳೆದುಕೊಳ್ಳುತ್ತದೆ, ಆರಿದ ಮೇಲೆ ಅದು ವಾಪಸ್ ಬರುತ್ತದೆ. ಆರಿದ ಮೇಲೂ ಮೊದಲಿನಷ್ಟು ಬರದಿದ್ದರೆ ಹೋದದ್ದು ಹೋಯಿತು, ಅದು ನಿಮ್ಮ ಗೇರ್‌ಬಾಕ್ಸಿಗೆ ಬೇಡ. ಫ್ರಿಜ್ ಬಾಗಿಲಿಗೆ ಆಗುತ್ತದೆ. ನನ್ನ ಬಳಿ ಉಳಿದಿದ್ದ ಎನ್52 ಬಿಲ್ಲೆ ಕುದಿಸುವ ಮೊದಲು 14 ನಟ್ಟು ಎತ್ತುತ್ತಿತ್ತು, ಆಮೇಲೆ 8. ಎಸ್‌ಎಚ್ ಬಿಲ್ಲೆ ಕುದಿಸಿದ ಮೇಲೂ 12ಕ್ಕೆ 12.

ನೀರಿನ ಬದಲು ಎಣ್ಣೆ ಕಾಯಿಸಿ ನೋಡುತ್ತೇನೆ ಅಂತ ಹೊರಡಬೇಡಿ. ಅಡುಗೆಮನೆಗೆ ಬೆಂಕಿ ಹತ್ತಿಸಲು ಅದಕ್ಕಿಂತ ಸುಲಭದ ದಾರಿ ಇಲ್ಲ.

ಪ್ಲಗ್ಗಿಗೆ ಕೂರಿಸುವುದು

ಮ್ಯಾಗ್ನೆಟ್ ಇರುವ ಡ್ರೇನ್ ಪ್ಲಗ್ಗೇ ರೆಡಿಮೇಡ್ ಸಿಕ್ಕರೆ ಅದನ್ನೇ ತೊಗೊಳ್ಳಿ, ಹಳೇ ಪ್ಲಗ್ ಜೇಬಲ್ಲಿ ಇಟ್ಟುಕೊಂಡು ಹೋಗಿ ಥ್ರೆಡ್ ಹೊಂದಿಸಿ ನೋಡಿ. ನನ್ನ ಅಳತೆಗೆ ಸಿಗಲಿಲ್ಲ. ಅಂತರಸನಹಳ್ಳಿ ಕೈಗಾರಿಕಾ ಪ್ರದೇಶದ ಕಡೆ ಲೇತ್ ಇಟ್ಟಿರುವ ಒಬ್ಬ ಹಿರಿಯರು ಮಾಡಿಕೊಟ್ಟರು. ಎಚ್‌ಎಂಟಿ ವಾಚ್ ಫ್ಯಾಕ್ಟರಿಯಲ್ಲಿ ಕೆಲಸ ಮಾಡಿ ಬಂದವರು, ಪ್ಲಗ್ಗನ್ನೂ ಗಡಿಯಾರದ ಭಾಗದ ಹಾಗೇ ಹಿಡಿದು ನೋಡಿದರು.

ಅವರು ಮಾಡಿದ್ದು ಹೀಗೆ. ಪ್ಲಗ್ಗಿನ ಒಳತುದಿಯಲ್ಲಿ ಬಿಲ್ಲೆಗಿಂತ ಕೂದಲೆಳೆ ಅಗಲದ ಗುಂಡಿ ಕೊರೆದರು, ಆದರೆ ಬಿಲ್ಲೆ ಪೂರ್ತಿ ಮುಳುಗುವಷ್ಟು ಆಳ ಅಲ್ಲ, 5 ಮಿಲಿಮೀಟರ್ ಬಿಲ್ಲೆಗೆ 3 ಮಿಲಿಮೀಟರ್ ಆಳ. ಉಳಿದ 2 ಮಿಲಿಮೀಟರ್ ಹೊರಗೆ ಇಣುಕಬೇಕು. ಉಕ್ಕಿನ ಗುಂಡಿಯಲ್ಲಿ ಪೂರ್ತಿ ಮುಳುಗಿಸಿದರೆ ಅದರ ಸೆಳೆತವೆಲ್ಲ ಪಕ್ಕದ ಗೋಡೆಯ ಉಕ್ಕಿನಲ್ಲೇ ಸುತ್ತಿ ಮುಗಿದುಹೋಗುತ್ತದೆ, ಆಯಿಲ್ಲಿಗೆ ಏನೂ ಉಳಿಯುವುದಿಲ್ಲ. ಗುಂಡಿಗೆ ಥಿನ್ನರ್ ಹಾಕಿ ಜಿಡ್ಡು ತೆಗೆದು, 150 ಡಿಗ್ರಿಗಿಂತ ಜಾಸ್ತಿ ತಡೆಯುವ ಎರಡು ಟ್ಯೂಬಿನ ಎಪಾಕ್ಸಿ ಹಾಕಿ ಕೂರಿಸಿ ಒಂದು ಇಡೀ ದಿನ ಬಿಟ್ಟರು. ಆಮೇಲೆ ಗುಂಡಿಯ ಅಂಚನ್ನು ಮೂರು ಕಡೆ ಪಂಚ್ ಇಟ್ಟು ಹಗುರವಾಗಿ ಬಡಿದು ಒಳಕ್ಕೆ ಬಗ್ಗಿಸಿದರು, ಉಂಗುರದಲ್ಲಿ ಹರಳು ಕೂರಿಸುವ ಹಾಗೆ. ಅಂಟು ಕೈಕೊಟ್ಟರೂ ಬಿಲ್ಲೆ ಹೊರಗೆ ಬರಬಾರದು. ನನ್ನ ಮೊದಲ ಪ್ಲಗ್ಗಿನಲ್ಲಿ ಇಲ್ಲದಿದ್ದದ್ದು ಇದೇ.

ಬಿಲ್ಲೆಯನ್ನು ಮಾತ್ರ ಕೊರೆಯಲು, ಉಜ್ಜಲು ಹೋಗಬೇಡಿ. ಅದರ ಪುಡಿ ಹೊತ್ತಿಕೊಳ್ಳುತ್ತದೆ, ಮೇಲಿನ ನಿಕ್ಕಲ್ ಲೇಪನ ಹೋದರೆ ತುಕ್ಕು ಹಿಡಿದು ಪುಡಿಯಾಗುತ್ತದೆ. ಎರಡು ಬಿಲ್ಲೆಗಳ ನಡುವೆ ಬೆರಳು ಸಿಕ್ಕಿಸಿಕೊಳ್ಳಬೇಡಿ. ಎದೆಗೆ ಪೇಸ್‌ಮೇಕರ್ ಹಾಕಿಸಿಕೊಂಡವರು ಹತ್ತಿರ ಬರಬಾರದು. ಮಕ್ಕಳ ಕೈಗೆ ಸಿಗಲೇಬಾರದು, ಎರಡು ನುಂಗಿದರೆ ಕರುಳಿನಲ್ಲಿ ಒಂದನ್ನೊಂದು ಹಿಡಿದುಕೊಂಡು ಆಪರೇಷನ್ನಿಗೆ ಹೋಗಬೇಕಾಗುತ್ತದೆ.

ಪ್ಲಗ್ ಹಾಕುವಾಗ ಅದು ಒಳಗೆ ಯಾವ ಗೇರಿಗೂ ತಾಗದಂತೆ ನೋಡಿ, ಹಳೇ ಪ್ಲಗ್ಗಿಗಿಂತ ಉದ್ದವಾಗಿದ್ದರೆ ಒಂದು ಸಲ ಕೈಯಲ್ಲಿ ತಿರುಗಿಸಿ ನೋಡಿ. ತಾಮ್ರದ ವಾಷರ್ ಹೊಸದು ಹಾಕಿ.

ಹೊರಗಡೆಯಿಂದ ದೊಡ್ಡ ಮ್ಯಾಗ್ನೆಟ್ ಅಂಟಿಸಿದರೆ ಆಗಲ್ವಾ ಅಂತ ಕೇಳುವವರು ಇದ್ದಾರೆ. ಬಾಕ್ಸ್ ಅಲ್ಯೂಮಿನಿಯಂ ಆಗಿದ್ದರೆ ಸ್ವಲ್ಪ ಮಟ್ಟಿಗೆ ಆಗುತ್ತದೆ. ಬೀಡು ಕಬ್ಬಿಣವಾಗಿದ್ದರೆ ದಪ್ಪ ಗೋಡೆಯೇ ಸೆಳೆತವನ್ನೆಲ್ಲ ಕುಡಿದುಬಿಡುತ್ತದೆ, ಒಳಗಿನ ಪುಡಿಗೆ ಹೊರಗೆ ಮ್ಯಾಗ್ನೆಟ್ ಇದೆ ಅಂತ ಗೊತ್ತೂ ಆಗುವುದಿಲ್ಲ.

ಪ್ಲಗ್ ಬಿಚ್ಚಿದಾಗ ಏನು ನೋಡಬೇಕು

ನನಗೆ ಇಡೀ ಕೆಲಸದಲ್ಲಿ ಇಷ್ಟವಾದ ಭಾಗ ಇದು. ಪುಡಿ ಹಿಡಿಯುವುದಕ್ಕಿಂತ ಒಳಗಿನ ಸುದ್ದಿ ಹೇಳುವುದೇ ಮ್ಯಾಗ್ನೆಟ್ಟಿನ ದೊಡ್ಡ ಉಪಕಾರ. ಒಂದೆರಡು ಸೆಂಟಿಮೀಟರ್ ದೂರದಲ್ಲಿ ಹಾದುಹೋದದ್ದನ್ನು ಮಾತ್ರ ಅದು ಹಿಡಿಯಬಲ್ಲದು, ಹಾಗಾಗಿ ಮ್ಯಾಗ್ನೆಟ್ ಇದೆ ಅಂತ ಆಯಿಲ್ ಬದಲಿಸುವುದನ್ನು ಮುಂದೂಡಬೇಡಿ.

ಆಯಿಲ್ ಬೆಚ್ಚಗಿರುವಾಗ ಇಳಿಸಿ, ಕುದಿಯುವ ಬಿಸಿಯಲ್ಲಿ ಅಲ್ಲ. ಪ್ಲಗ್ ತುದಿಯಲ್ಲಿ ಕಪ್ಪು ಮೀಸೆ ಬೆಳೆದ ಹಾಗೆ ಪುಡಿ ನಿಂತಿರುತ್ತದೆ. ಹೆಬ್ಬೆರಳು ತೋರುಬೆರಳ ನಡುವೆ ಚಿಟಿಕೆ ತೊಗೊಂಡು ತಿಕ್ಕಿ. ಕಾಡಿಗೆಯ ಹಾಗೆ ನುಣ್ಣಗೆ ಹರಡಿದರೆ ಚಿಂತೆಯಿಲ್ಲ, ಅದು ದಿನದ ಸವಕಳಿ. ಹೊಸ ಗೇರ್‌ಬಾಕ್ಸಿನ ಮೊದಲ ಆಯಿಲ್ಲಿನಲ್ಲಿ ಇದು ಜಾಸ್ತಿಯೇ ಬರುತ್ತದೆ. ಸಣ್ಣ ರವೆಯ ಹಾಗೆ ಕಿರಕಿರ ಅಂದರೆ ಮುಂದಿನ ಆಯಿಲ್ಲನ್ನು ಅರ್ಧ ಅವಧಿಗೇ ಇಳಿಸಿ ಮತ್ತೆ ನೋಡಿ. ಚಪ್ಪಟೆಯಾಗಿ, ಒಂದು ಮುಖ ಹೊಳೆಯುವ ತೆಳು ಚಕ್ಕೆಗಳು ಬಂದರೆ ಬೇರಿಂಗಿನ ಮೇಲ್ಪದರ ಏಳುತ್ತಿದೆ ಅಂತ ಅನುಮಾನಿಸಿ. ಉಗುರು ಕತ್ತರಿಸಿದಂಥ ಚೂರೋ, ರಾಗಿ ಕಾಳಿಗಿಂತ ದಪ್ಪದ ತುಂಡೋ ಸಿಕ್ಕರೆ ಅವತ್ತೇ ಕೆಲಸ ನಿಲ್ಲಿಸಿ ಮುಚ್ಚಳ ಬಿಚ್ಚಿಸಿ. ಅದು ಹಲ್ಲಿನ ಚೂರು.

ಮ್ಯಾಗ್ನೆಟ್ಟಿಗೆ ಕಾಣದ್ದೂ ಇದೆ. ಹಿತ್ತಾಳೆ, ಕಂಚು, ಅಲ್ಯೂಮಿನಿಯಂ ಅಂಟುವುದೇ ಇಲ್ಲ. ಭಾವನ ಗಾಣದ ವರ್ಮ್ ಗೇರಿನಲ್ಲಿ ಸವೆಯುವುದೇ ಕಂಚಿನ ಚಕ್ರ, ಹಾಗಾಗಿ ಅಲ್ಲಿ ಮ್ಯಾಗ್ನೆಟ್ ಶುಭ್ರವಾಗಿ ಬಂದರೂ ಏನೂ ಆಗಿಲ್ಲ ಅಂತಲ್ಲ. ಇಳಿಸಿದ ಆಯಿಲ್ಲನ್ನು ಬಿಳಿ ತಟ್ಟೆಗೆ ಒಂದು ಲೋಟ ಸುರಿದು, ಬಿಸಿಲಲ್ಲಿ ಓರೆಯಾಗಿ ನೋಡಿ. ಚಿನ್ನದ ಮಿಂಚು ಕಂಡರೆ ಅದು ಚಕ್ರದ ಪುಡಿ. ಆಯಿಲ್ ಹಾಲು ಬೆರೆಸಿದ ಕಾಫಿಯಂತೆ ಕಂಡರೆ ನೀರು ಸೇರಿದೆ, ರೋಟವೇಟರ್ ಕೆಸರು ಗದ್ದೆಗೆ ಇಳಿದಿದ್ದರೆ ಸೀಲ್ ನೋಡಿಸಿ. ಟ್ರ್ಯಾಕ್ಟರ್, ಹಳೇ ಕಾರುಗಳ ಗೇರ್‌ಬಾಕ್ಸಿಗೆ ಜಿಎಲ್-4 (ಗೇರ್ ಆಯಿಲ್ ದರ್ಜೆಯ ಗುರುತು) ಅಂತ ಪುಸ್ತಕದಲ್ಲಿದ್ದರೆ ಜಿಎಲ್-5 ಇನ್ನೂ ಒಳ್ಳೆಯದು ಅಂತ ಹಾಕಬೇಡಿ. ಅದರಲ್ಲಿ ಗಂಧಕ, ರಂಜಕದ ಅಂಶ ಜಾಸ್ತಿ, ಬಿಸಿಯಲ್ಲಿ ಹಿತ್ತಾಳೆ ಭಾಗಗಳನ್ನು ತಿನ್ನಬಹುದು. ಮ್ಯಾಗ್ನೆಟ್ ಅದರ ಬಗ್ಗೆ ಚಕಾರ ಎತ್ತುವುದಿಲ್ಲ.

ಹಳೇ ಆಯಿಲ್ ಬೋರ್‌ವೆಲ್ ಹತ್ತಿರ ಚೆಲ್ಲಬೇಡಿ, ಡಬ್ಬಕ್ಕೆ ತುಂಬಿ ಹಳೇ ಆಯಿಲ್ ಕೊಳ್ಳುವವರಿಗೆ ಕೊಡಿ.

ಪ್ಲಗ್ ಶುಚಿ ಮಾಡಲು ಬಟ್ಟೆಯಿಂದ ಒರೆಸಿದರೆ ಪುಡಿ ಸುತ್ತಮುತ್ತ ಓಡಾಡುತ್ತದೆಯೇ ಹೊರತು ಬಿಡುವುದಿಲ್ಲ. ಡೀಸೆಲ್ಲಿನಲ್ಲಿ ಅದ್ದಿ ಆರಿಸಿ, ಕಲಸಿದ ಗೋಧಿ ಹಿಟ್ಟಿನ ಉಂಡೆಯಿಂದ ಒತ್ತಿ ಒತ್ತಿ ತೆಗೆಯಿರಿ. ಮನೆಯವರು ಚಪಾತಿ ಹಿಟ್ಟು ಕೊಡಲು ಒಪ್ಪಿದರೆ ಅಷ್ಟೇ.

ಎಸೆಯುವ ಮೊದಲು ಚಿಟಿಕೆ ಪುಡಿಯನ್ನು ಹಳೇ ಕ್ಯಾಲೆಂಡರಿನ ಹಿಂಬದಿಗೆ ಒರೆಸಿ, ಮೇಲೆ ಸೆಲ್ಲೋಟೇಪ್ ಅಂಟಿಸಿ, ತಾರೀಖು, ಗಂಟೆ, ಗಾಳಿಯ ಬಿಸಿ, ಗೇರ್‌ಬಾಕ್ಸ್ ಬಿಸಿ ಬರೆದಿಡಿ. ನಮ್ಮ ಶೆಡ್ಡಿನ ಬಾಗಿಲ ಹಿಂದೆ ಅಂಥ ಹಾಳೆ ತೂಗುತ್ತಿದೆ. ಮೊದಲ ಮೂರು ಬೊಟ್ಟು ಬರೀ ಕಾಡಿಗೆ. ನಾಲ್ಕನೆಯದರಲ್ಲಿ, ಕಪ್ಪಿನ ನಡುವೆ, ಸಾಸಿವೆಗಿಂತ ಚಿಕ್ಕದಾದ ಎರಡು ಹೊಳೆಯುವ ಚಕ್ಕೆ ಇವೆ. ಏರಿಕೆಯೂ ಆ ಸಲ 5 ಡಿಗ್ರಿ ಜಾಸ್ತಿ. ಬೇರಿಂಗ್ ನಂಬರ್ ಪಕ್ಕದಲ್ಲೇ ಬರೆದಿಟ್ಟಿದ್ದೇನೆ, ಈ ಸಲದ ಉಳುಮೆ ಮುಗಿದ ಕೂಡಲೇ ಮುಚ್ಚಳ ಬಿಚ್ಚಬೇಕು.